ಸಾಲಿಗೆ ನಿಲ್ಲುವ ಐಡಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ಕೂತು ಅಡಿಕೆ ವಖಾರಿಗಳಿಗೆ ತೂಕದ ಚೀಟಿಯ ಆ್ಯಪ್, ಕಾರವಾರದ ಕಡೆ ಮೀನು ವ್ಯಾಪಾರಿಗಳಿಗೆ ಲೆಕ್ಕದ ಆ್ಯಪ್, ಹೀಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು, ಹುಡುಗಿಯರು ಫೋನ್ ಮಾಡಿದಾಗೆಲ್ಲ ಸುತ್ತಿ ಬಳಸಿ ಒಂದೇ ವಿಷಯಕ್ಕೆ ಬರುತ್ತಾರೆ: ಡೇಟಾಬೇಸ್ ಟೇಬಲ್‌ನ ಪ್ರತಿ ದಾಖಲೆಗೂ ಗುರುತಿಗೆ ಯಾವ ಐಡಿ ಕೊಡಬೇಕು? ನನ್ನ ಉತ್ತರ ಹೆಚ್ಚಾಗಿ, ಹುಟ್ಟಿದ ಕ್ರಮದಲ್ಲೇ ಸಾಲಿಗೆ ನಿಲ್ಲುವ ಐಡಿ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವರು ಕೇಳಿದ ಮಾತಿನಲ್ಲೇ ಇವೆ.

ಅಣ್ಣಾ, ಡೇಟಾಬೇಸೇ 1, 2, 3 ಅಂತ ನಂಬರ್ ಕೊಡುತ್ತದಲ್ಲ, ಅದು ಸಾಕಾಗಲ್ವಾ?

ಒಂದೇ ಸರ್ವರ್, ಒಂದೇ ಡೇಟಾಬೇಸ್, ನೆಟ್‌ವರ್ಕ್ ಯಾವಾಗಲೂ ಇದೆ ಅಂದರೆ ಸಾಕು. ಒಂದು ಅಂಗಡಿ, ಒಂದು ಕಂಪ್ಯೂಟರ್ ಇರುವಲ್ಲಿ ನಾನು ಈಗಲೂ ಅದನ್ನೇ ಹಾಕುತ್ತೇನೆ. ಎಂಟು ಬೈಟ್‌ನಲ್ಲಿ ಮುಗಿಯುತ್ತದೆ, ಓದಲೂ ಸುಲಭ.

ತೊಂದರೆ ಶುರುವಾಗುವುದು ನಂಬರ್ ಕೊಡುವವನು ದೂರ ಇದ್ದಾಗ. ದೇವಿಮನೆ ಘಟ್ಟದ ಕಡೆ ಹಳ್ಳಿಗಳಿಗೆ ಹೋಗಿ ಮನೆ ಬಾಗಿಲಲ್ಲೇ ಅಡಿಕೆ ತೂಕ ಮಾಡಿ ತರುವ ಹುಡುಗನ ಫೋನಿಗೆ ಅರ್ಧ ದಿನ ನೆಟ್‌ವರ್ಕ್ ಇರುವುದಿಲ್ಲ. ಆದರೂ ಚೀಟಿ ಕೊಡಲೇಬೇಕು, ತೋಟದವರು ಎದುರಿಗೇ ನಿಂತಿರುತ್ತಾರೆ. ಫೋನಿನೊಳಗಿನ ಡೇಟಾಬೇಸ್ ಅವನಿಗೆ 1042 ಅಂತ ಕೊಡುತ್ತದೆ. ಅದೇ ದಿನ ಸಿದ್ದಾಪುರದ ಕಡೆ ಹೋದವನ ಫೋನೂ 1042 ಅಂತಲೇ ಕೊಡುತ್ತದೆ. ಸಂಜೆ ಇಬ್ಬರೂ ಶಿರಸಿಗೆ ಬಂದು ವೈಫೈ ಸಿಕ್ಕಿದ ಕೂಡಲೇ ಎರಡು 1042 ಒಂದೇ ಬಾಗಿಲಿಗೆ ಬಂದು ನಿಲ್ಲುತ್ತವೆ. ಒಂದಕ್ಕೆ ನಂಬರ್ ಬದಲಿಸೋಣ ಅಂದರೆ ಹಳೇ ನಂಬರಿನ ಚೀಟಿ ಆಗಲೇ ಯಾರದೋ ಜೇಬು ಸೇರಿದೆ.

ಹಾಗಾಗಿ ಚೀಟಿ ಎಲ್ಲಿ ಹುಟ್ಟುತ್ತದೋ ಐಡಿಯೂ ಅಲ್ಲೇ ಹುಟ್ಟಬೇಕು, ಯಾರನ್ನೂ ಕೇಳದೆ. ಇದರಿಂದ ಇನ್ನೊಂದು ದೊಡ್ಡ ಉಪಕಾರ ಇದೆ, ಅದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಘಟ್ಟ ಹತ್ತುವಾಗ ಫೋನು ಚೀಟಿಯನ್ನು ಕಳಿಸಿತು, ಸರ್ವರ್‌ಗೆ ಮುಟ್ಟಿತು, ಆದರೆ 'ಮುಟ್ಟಿತು' ಅನ್ನುವ ಉತ್ತರ ವಾಪಸ್ ಬರುವ ಮೊದಲೇ ನೆಟ್‌ವರ್ಕ್ ಹೋಯಿತು. ಫೋನು ಮತ್ತೆ ಕಳಿಸುತ್ತದೆ. ಐಡಿ ಫೋನಿನಲ್ಲೇ ಹುಟ್ಟಿದ್ದರೆ ಎರಡನೇ ಸಲ ಬಂದದ್ದೂ ಅದೇ ಐಡಿ, ಸರ್ವರ್ ನೋಡಿ ಸುಮ್ಮನಾಗುತ್ತದೆ. ಐಡಿ ಸರ್ವರ್‌ನಲ್ಲಿ ಹುಟ್ಟುವಂತಿದ್ದರೆ ಒಂದೇ ಚೀಲ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಹಾಗಿದ್ರೆ ಸುಮ್ನೆ ಯುಯುಐಡಿ ಹಾಕಿದ್ರೆ ಆಯ್ತಲ್ಲ? ಅದರಲ್ಲಿ ಸಾಲಿನ ಮಾತು ಯಾಕೆ?

ಯುಯುಐಡಿ ಅಂದರೆ ಯಾರನ್ನೂ ಕೇಳದೆ ಎಲ್ಲಿ ಬೇಕಾದರೂ ಹುಟ್ಟಿಸಬಹುದಾದ ಉದ್ದನೆಯ ಐಡಿ. ಎಲ್ಲರೂ ಹಾಗೆ ಅನ್ನುವುದು ಸಾಮಾನ್ಯವಾಗಿ ಅದರ ನಾಲ್ಕನೇ ವರ್ಷನ್‌ಗೆ, ಅಂದರೆ ವಿ4ಗೆ. ಒಟ್ಟು 128 ಬಿಟ್, ಅದರಲ್ಲಿ 122 ಬಿಟ್ ಪೂರ್ತಿ ರ‍್ಯಾಂಡಮ್. ಎರಡು ಫೋನಿನಲ್ಲಿ ಒಂದೇ ಬರುವ ಭಯ ಇಲ್ಲ. ಆದರೆ ಈಗ ಹುಟ್ಟಿದ್ದಕ್ಕೂ ಒಂದು ನಿಮಿಷ ಮುಂಚೆ ಹುಟ್ಟಿದ್ದಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ಪಟ್ಟಿಯ ತಲೆಗೆ ಹೋಗುತ್ತದೆ, ಒಂದು ಬುಡಕ್ಕೆ.

ಡೇಟಾಬೇಸ್‌ಗೆ ಇದು ಯಾಕೆ ಕಷ್ಟ ಅಂತ ಹೇಳಲು ನಾನು ವಖಾರಿಯ ಕಿರ್ದಿ ಪುಸ್ತಕವನ್ನೇ ಹಿಡಿದುಕೊಳ್ಳುತ್ತೇನೆ. ಗುಮಾಸ್ತರು ಕಿರ್ದಿ ಬರೆಯುವಾಗ ಕೊನೆಯ ಪುಟ ತೆರೆದೇ ಇಟ್ಟಿರುತ್ತಾರೆ, ಬಂದದ್ದನ್ನು ಕೆಳಗೆ ಬರೆಯುತ್ತಾ ಹೋಗುತ್ತಾರೆ, ಪುಟ ತುಂಬಿದರೆ ಮಗುಚುತ್ತಾರೆ. ಈಗ ಅದೇ ಗುಮಾಸ್ತರಿಗೆ ಪ್ರತಿ ಸಾಲನ್ನೂ ಬೇರೆ ಬೇರೆ ಪುಟದ ನಡುವೆ ತೂರಿಸಿ ಬರೆಯಿರಿ ಅಂದರೆ ಹೇಗಿರುತ್ತದೆ? ಪುಟ ಹುಡುಕಬೇಕು, ಜಾಗ ಇಲ್ಲದಿದ್ದರೆ ಆ ಪುಟವನ್ನು ಎರಡು ಮಾಡಿ ಅರ್ಧ ಸಾಲುಗಳನ್ನು ಹೊಸ ಹಾಳೆಗೆ ನಕಲು ಮಾಡಬೇಕು. ಡೇಟಾಬೇಸ್ ಬೇಗ ಹುಡುಕಲು ಕ್ರಮವಾಗಿ ಇಟ್ಟುಕೊಳ್ಳುವ ಪಟ್ಟಿ, ಅಂದರೆ ಇಂಡೆಕ್ಸ್‌ನೊಳಗೆ ಆಗುವುದು ಅಕ್ಷರಶಃ ಇದೇ. ಮೈಎಸ್‌ಕ್ಯುಎಲ್ ಡೇಟಾಬೇಸ್ ಒಳಗೆ ಡೇಟಾ ಇಡುವ ಎಂಜಿನ್ ಇನ್ನೋಡಿಬಿಯಲ್ಲಿ ಒಂದು ಪುಟ ಮಾಮೂಲಿಯಾಗಿ 16 ಕಿಲೋಬೈಟ್, ಪೋಸ್ಟ್‌ಗ್ರೆಸ್‌ನಲ್ಲಿ 8. ಇನ್ನೋಡಿಬಿಯಲ್ಲಿ ಸಾಲಾಗಿ ಸೇರಿಸಿದರೆ ಪುಟಗಳು 16ರಲ್ಲಿ 15 ಪಾಲು ತುಂಬುತ್ತವೆ. ಹೇಗೆಂದರೆ ಹಾಗೆ ಸೇರಿಸಿದರೆ ಅರ್ಧದಿಂದ ಹಿಡಿದು 15 ಪಾಲಿನವರೆಗೆ ಎಷ್ಟು ಬೇಕಾದರೂ ಇರಬಹುದು. ಜಾಗ ಹಾಳು, ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕಾದ ಪುಟಗಳು ಜಾಸ್ತಿ. ಟೇಬಲ್ ಮೆಮೊರಿಯಲ್ಲಿ ಹಿಡಿಸುವಷ್ಟು ದಿನ ಏನೂ ಗೊತ್ತಾಗುವುದಿಲ್ಲ, ಮೆಮೊರಿ ಮೀರಿದ ದಿನದಿಂದ ಪ್ರತಿ ಬರಹಕ್ಕೂ ಡಿಸ್ಕ್ ಓದಬೇಕಾಗುತ್ತದೆ.

ಇನ್ನೋಡಿಬಿಯಲ್ಲಿ ಇನ್ನೂ ಒಂದು ಮಾತಿದೆ. ಅಲ್ಲಿ ಇಡೀ ಟೇಬಲ್ಲೇ ಪ್ರೈಮರಿ ಕೀ, ಅಂದರೆ ನಾವು ಕೊಟ್ಟ ಮುಖ್ಯ ಐಡಿಯ ಕ್ರಮದಲ್ಲಿ ಕೂತಿರುತ್ತದೆ, ಉಳಿದ ಪ್ರತಿಯೊಂದು ಇಂಡೆಕ್ಸ್‌ನಲ್ಲೂ ಆ ಕೀಯ ಒಂದು ನಕಲು ಇರುತ್ತದೆ. ಅಂದರೆ ಐಡಿ ದಪ್ಪ ಆದಷ್ಟೂ ಎಲ್ಲ ಇಂಡೆಕ್ಸೂ ದಪ್ಪ.

ಸಾಲಿಗೆ ನಿಲ್ಲುವ ಐಡಿ ಅಂದರೆ ಎರಡನ್ನೂ ಒಟ್ಟಿಗೆ ಕೊಡುವುದು: ಮುಂದಿನ ಭಾಗದಲ್ಲಿ ಹುಟ್ಟಿದ ಹೊತ್ತು, ಹಿಂದಿನ ಭಾಗದಲ್ಲಿ ರ‍್ಯಾಂಡಮ್. ಹೊತ್ತು ಮುಂದಿರುವುದರಿಂದ ಹೊಸದೆಲ್ಲ ಕೊನೆಯ ಪುಟಕ್ಕೇ ಬರುತ್ತದೆ.

ಒಳಗೆ ಏನಿರುತ್ತದೆ, ಒಮ್ಮೆ ಬಿಡಿಸಿ ತೋರಿಸ್ತೀರಾ?

ಯುಯುಐಡಿಯಲ್ಲೇ ಸಾಲಿಗೆ ನಿಲ್ಲುವ ವರ್ಷನ್ ವಿ7. ಅಂಥದ್ದೊಂದನ್ನು ತೆಗೆದುಕೊಳ್ಳೋಣ. ಮಾಮೂಲಿಯಾಗಿ ಇದರಲ್ಲಿ ಅಂಕಿಗಳ ಜೊತೆ ಇಂಗ್ಲಿಷಿನ ಮೊದಲ ಆರು ಅಕ್ಷರಗಳೂ ಇರುತ್ತವೆ, ಓದಲು ಸುಲಭ ಆಗಲಿ ಅಂತ ಬರೀ ಅಂಕಿ ಇರುವುದನ್ನೇ ಆರಿಸಿದ್ದೇನೆ.

01944987-5316-7204-8613-927450318864

ಮೊದಲ ಹನ್ನೆರಡು ಅಂಕಿ, ಅಂದರೆ 01944987 ಮತ್ತು 5316, ಇದು ಹೊತ್ತು. ಹದಿನಾರರ ಲೆಕ್ಕದಲ್ಲಿ ಬರೆದದ್ದು. ಇದನ್ನು ನಮ್ಮ ಹತ್ತರ ಲೆಕ್ಕಕ್ಕೆ ತಂದರೆ 1736400392982 ಬರುತ್ತದೆ. 1970ರ ಜನವರಿ 1ರಿಂದ ಅಷ್ಟು ಮಿಲಿಸೆಕೆಂಡ್ ಆಗಿದೆ ಅಂತ ಅರ್ಥ. ಭಾರತದ ಗಡಿಯಾರಕ್ಕೆ ತಂದರೆ 2025ರ ಜನವರಿ 9, ಬೆಳಿಗ್ಗೆ 10 ಗಂಟೆ 56 ನಿಮಿಷ 32.982 ಸೆಕೆಂಡ್. ಅದರ ಮುಂದಿನ 7 ವರ್ಷನ್ ನಂಬರ್. 204 ರ‍್ಯಾಂಡಮ್. ನಾಲ್ಕನೇ ಗುಂಪಿನ ಮೊದಲ ಅಂಕಿ 8ರಲ್ಲಿ ಎರಡು ಬಿಟ್ ಮಾತ್ರ ಗೊತ್ತುಮಾಡಿಟ್ಟದ್ದು, ಉಳಿದದ್ದೆಲ್ಲ ಮತ್ತೆ ರ‍್ಯಾಂಡಮ್. ಒಟ್ಟು 48 ಬಿಟ್ ಹೊತ್ತು, 74 ಬಿಟ್ ರ‍್ಯಾಂಡಮ್, 6 ಬಿಟ್ ಗುರುತಿಗೆ.

ಇದು 2024ರ ಮೇ ತಿಂಗಳಲ್ಲಿ ಬಂದ ಆರ್‌ಎಫ್‌ಸಿ 9562 ಅನ್ನುವ ಇಂಟರ್ನೆಟ್ ಸ್ಟ್ಯಾಂಡರ್ಡ್ ದಾಖಲೆಯಲ್ಲಿ ಇದೆ. ಅದಕ್ಕೆ ಮುಂಚಿನದು 2005ರ ಆರ್‌ಎಫ್‌ಸಿ 4122. ಹಳೇ ವಿ1ರಲ್ಲೂ ಹೊತ್ತು ಇತ್ತು, ಆದರೆ ಹೊತ್ತಿನ ಕೆಳಗಿನ ಭಾಗವನ್ನು ಮುಂದೆ ಇಟ್ಟಿದ್ದರಿಂದ ಸಾಲಿಗೆ ನಿಲ್ಲುತ್ತಿರಲಿಲ್ಲ. ಗಂಟೆ ಬರೆಯುವಾಗ ಸೆಕೆಂಡ್ ಮೊದಲು, ಗಂಟೆ ಕೊನೆಗೆ ಬರೆದಂತೆ.

ಐಡಿ ತುಂಬಾ ಉದ್ದ. ಚೀಟಿಯಲ್ಲಿ ಮೊದಲ ಎಂಟು ಅಂಕಿ ಮಾತ್ರ ಹಾಕ್ಲಾ?

ಬೇಡ. ದಯವಿಟ್ಟು ಬೇಡ. ಇದು ನಾನೇ ಮಾಡಿದ ತಪ್ಪು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ವಿ4 ಇದ್ದಾಗ ಚೀಟಿಯ ಮೇಲೆ ಮೊದಲ ಎಂಟು ಅಕ್ಷರ ಮುದ್ರಿಸುತ್ತಿದ್ದೆ. ವರ್ಷಗಟ್ಟಲೆ ನಡೆಯಿತು, ಏನೂ ತೊಂದರೆ ಆಗಲಿಲ್ಲ, ಯಾಕೆಂದರೆ ಆ ಎಂಟೂ ರ‍್ಯಾಂಡಮ್. ಆಮೇಲೆ ವಿ7ಗೆ ಬದಲಿಸಿದೆ, ಮುದ್ರಿಸುವ ಕೋಡ್ ಮುಟ್ಟಲಿಲ್ಲ. ಮೂರನೇ ದಿನ ವಖಾರಿಯಿಂದ ಫೋನ್ ಬಂತು. ರಾಶಿ ಅಡಿಕೆಯ ಎರಡು ಲಾಟ್, ಎರಡು ಬೇರೆ ಮನೆಯವರದ್ದು, ಚೀಲದ ಮೇಲಿನ ಕೋಡ್ ಒಂದೇ. ತೂಕ ಮಾಡುವವರು ಚೀಲ ಹಿಡಿದು ನಿಂತಿದ್ದಾರೆ, ಯಾರ ಚೀಲ ಅಂತ ಗೊತ್ತಿಲ್ಲ. ಒಂದು ಕಡೆ ದರ ಕ್ವಿಂಟಾಲಿನ ಮೇಲೆ ನಿಂತಿರುತ್ತದೆ, ಮತ್ತೊಂದು ಕಡೆ ಒಂದು ಮನೆಯ ಇಡೀ ವರ್ಷದ ದುಡಿಮೆ ಆ ಚೀಲದೊಳಗಿರುತ್ತದೆ. ಅವತ್ತು ಚೀಲ ಬಿಚ್ಚಿ, ತೂಕ ತಾಳೆ ನೋಡಿ, ಇಬ್ಬರನ್ನೂ ಕರೆಸಿ ಸರಿ ಮಾಡಬೇಕಾಯಿತು.

ಕಾರಣ ಸರಳ. ವಿ7ರಲ್ಲಿ ಮೊದಲ ಎಂಟು ಅಂಕಿ ಹೊತ್ತಿನ ಮೇಲಿನ 32 ಬಿಟ್. ಕೆಳಗಿನ 16 ಬಿಟ್ ಅದರ ನಂತರ ಬರುತ್ತದೆ. 16 ಬಿಟ್ ಅಂದರೆ 65536 ಮಿಲಿಸೆಕೆಂಡ್. ಹಾಗಾಗಿ ಮೊದಲ ಎಂಟು ಬದಲಾಗುವುದು ಸುಮಾರು 65 ಸೆಕೆಂಡಿಗೆ ಒಮ್ಮೆ. ಆ ಒಂದು ನಿಮಿಷದೊಳಗೆ ಯಾವ ಫೋನಿನಲ್ಲಿ ಎಷ್ಟು ಚೀಟಿ ಹುಟ್ಟಿದರೂ ಎಲ್ಲಕ್ಕೂ ಅದೇ ಎಂಟು. ಚಿಕ್ಕದು ಬೇಕೇ ಬೇಕು ಅಂದರೆ ಕೊನೆಯ ಎಂಟು ತೆಗೆದುಕೊಳ್ಳಿ, ಅದು ರ‍್ಯಾಂಡಮ್ ಭಾಗ. ಅದಕ್ಕಿಂತಲೂ ಒಳ್ಳೆಯದು ಮನುಷ್ಯರಿಗೆ ಅಂತಲೇ ಬೇರೆ ನಂಬರ್ ಇಡುವುದು. ಅದನ್ನು ಕೆಳಗೆ ಹೇಳಿದ್ದೇನೆ.

ಯುಎಲ್‌ಐಡಿ ಅಂತ ಇದೆಯಲ್ಲ, ಅದಕ್ಕೂ ವಿ7ಗೂ ಏನು ವ್ಯತ್ಯಾಸ?

ಒಳಗಿನ ಯೋಚನೆ ಒಂದೇ. ಯುಎಲ್‌ಐಡಿಯಲ್ಲೂ 128 ಬಿಟ್, 48 ಬಿಟ್ ಹೊತ್ತು, ಉಳಿದ 80 ರ‍್ಯಾಂಡಮ್. ಬರೆಯುವ ರೀತಿ ಬೇರೆ: ವಿ7 ಅಡ್ಡಗೆರೆ ಸೇರಿ 36 ಅಕ್ಷರ, ಯುಎಲ್‌ಐಡಿ 26. ಅದು ಬಳಸುವ 32 ಅಕ್ಷರಗಳ ಪಟ್ಟಿಯಲ್ಲಿ ಐ, ಎಲ್, ಓ, ಯು ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದು ಅಂತ ಐ, ಎಲ್, ಓ ಬಿಟ್ಟಿದ್ದಾರೆ. ಫೋನಿನಲ್ಲಿ ಓದಿ ಹೇಳುವಾಗ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ವಿ7 ಸ್ಟ್ಯಾಂಡರ್ಡ್ ಆಗುವ ಮೊದಲು ನಾನೂ ಯುಎಲ್‌ಐಡಿಯನ್ನೇ ಹಾಕುತ್ತಿದ್ದೆ. ಈಗ ಹೊಸ ಕೆಲಸಕ್ಕೆ ವಿ7. ಡೇಟಾಬೇಸ್‌ನ ಯುಯುಐಡಿ ಕಾಲಂನಲ್ಲಿ ನೇರವಾಗಿ ಕೂರುತ್ತದೆ, ಬೇರೆಯವರ ಸಿಸ್ಟಂಗೆ ಕಳಿಸಿದರೂ ಅವರು ಇದೇನು ಅಂತ ಕೇಳುವುದಿಲ್ಲ. ಯುಎಲ್‌ಐಡಿ ಆಗಲೇ ಇದ್ದರೆ ಅದನ್ನು ತೆಗೆಯುವ ಅವಸರ ಏನೂ ಇಲ್ಲ.

ಕೆಎಸ್‌ಯುಐಡಿ ಅಂತ ಇನ್ನೊಂದಿದೆ. 160 ಬಿಟ್, 27 ಅಕ್ಷರ, ಹೊತ್ತು ಸೆಕೆಂಡಿನ ಮಟ್ಟಕ್ಕೆ ಮಾತ್ರ. ಅದರಲ್ಲಿ ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ. ಮೈಎಸ್‌ಕ್ಯುಎಲ್‌ನ ಮಾಮೂಲಿ ಟೆಕ್ಸ್ಟ್ ಕಾಲಂ ದೊಡ್ಡದು ಸಣ್ಣದು ಎರಡನ್ನೂ ಒಂದೇ ಅಂತ ನೋಡುತ್ತದೆ, ಆಗ ಸಾಲೂ ತಪ್ಪುತ್ತದೆ. ಹಾಕುವುದಾದರೆ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಬೈನರಿ ಮಾಡಿಯೇ ಹಾಕಿ. ಮಾಂಗೋಡಿಬಿಯ ಆಬ್ಜೆಕ್ಟ್‌ಐಡಿಯೂ ಇದೇ ಜಾತಿಯದ್ದು: 12 ಬೈಟ್, ಮುಂದಿನ 4 ಬೈಟ್ ಸೆಕೆಂಡ್, ಆಮೇಲೆ 5 ಬೈಟ್ ರ‍್ಯಾಂಡಮ್, ಕೊನೆಯ 3 ಬೈಟ್ ಎಣಿಕೆ.

ಸ್ನೋಫ್ಲೇಕ್ ಬಗ್ಗೆ ತುಂಬ ಕೇಳಿದ್ದೇನೆ. ಅದು 64 ಬಿಟ್ ಅಷ್ಟೇ ಅಲ್ವಾ, ಇನ್ನೂ ಚೆನ್ನಾಗಿಲ್ವಾ?

ಚೆನ್ನಾಗಿದೆ, ಆದರೆ ಅದಕ್ಕೆ ಒಂದು ಶಿಸ್ತು ಬೇಕು. 2010ರಲ್ಲಿ ಟ್ವಿಟರ್ ಮಾಡಿದ್ದು. 41 ಬಿಟ್ ಹೊತ್ತು, 10 ಬಿಟ್ ಮಷಿನ್ ನಂಬರ್, 12 ಬಿಟ್ ಎಣಿಕೆ. ಒಂದು ಮಷಿನ್ ಒಂದು ಮಿಲಿಸೆಕೆಂಡ್‌ನಲ್ಲಿ 4096 ಐಡಿ ಕೊಡಬಹುದು, 41 ಬಿಟ್‌ಗೆ ಸುಮಾರು 69 ವರ್ಷ ಬಾಳಿಕೆ.

ಇದನ್ನು ಗಾಡಿ ನಂಬರಿನ ಹಾಗೆ ನೋಡಿ. ಕಾರವಾರದ ಆರ್‌ಟಿಓ ಕೆಎ 30, ಶಿರಸಿ ಕೆಎ 31, ಹೊನ್ನಾವರ ಕೆಎ 47. ಶಿರಸಿಯವರು ನಂಬರ್ ಕೊಡುವಾಗ ಕಾರವಾರಕ್ಕೆ ಫೋನ್ ಮಾಡಿ ಕೇಳಬೇಕಾಗಿಲ್ಲ, ಮುಂದಿನ 31 ಎಲ್ಲವನ್ನೂ ಬೇರೆ ಮಾಡುತ್ತದೆ. ಆದರೆ ಇದು ನಡೆಯುವುದು ಯಾರಿಗೆ ಯಾವ ನಂಬರ್ ಅಂತ ಒಬ್ಬರು ಮೊದಲೇ ಹಂಚಿಟ್ಟಿದ್ದರಿಂದ. ಎರಡು ಊರಿಗೆ 31 ಕೊಟ್ಟರೆ ಅವತ್ತೇ ಕೆಡುತ್ತದೆ. ಸ್ನೋಫ್ಲೇಕ್‌ನಲ್ಲಿ ಮಷಿನ್ ನಂಬರ್ 1024 ಮಾತ್ರ. ಸರ್ವರ್‌ಗಳಾದರೆ ಹಂಚಬಹುದು. ಇವತ್ತು ಆ್ಯಪ್ ಹಾಕಿ ನಾಳೆ ತೆಗೆಯುವ, ಫೋನ್ ಬದಲಿಸುವ ಜನಕ್ಕೆ ಹೇಗೆ ಹಂಚುತ್ತೀರಿ? ಹಾಗಾಗಿ ಫೋನಿನಲ್ಲಿ ಹುಟ್ಟುವ ಐಡಿಗೆ ನಾನು ಇದನ್ನು ಹಾಕುವುದಿಲ್ಲ.

ಮತ್ತೊಂದು ಎಚ್ಚರಿಕೆ. ಜಾವಾಸ್ಕ್ರಿಪ್ಟ್‌ನ ನಂಬರ್ 9007199254740991ರವರೆಗೆ ಮಾತ್ರ ಸರಿಯಾಗಿ ಹಿಡಿಯುತ್ತದೆ. ಸ್ನೋಫ್ಲೇಕ್ ಅದನ್ನು ಮೀರುತ್ತದೆ, ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗುತ್ತವೆ. ಬ್ರೌಸರ್‌ಗೆ ಕಳಿಸುವಾಗ ಯಾವಾಗಲೂ ಸ್ಟ್ರಿಂಗ್ ಮಾಡಿ ಕಳಿಸಿ.

ವಿ4ರಲ್ಲಿ 122 ಬಿಟ್ ರ‍್ಯಾಂಡಮ್, ವಿ7ರಲ್ಲಿ 74 ಮಾತ್ರ. ಎರಡು ಒಂದೇ ಆಗಿಬಿಟ್ರೆ?

ಕಡಿಮೆ ಅನ್ನಿಸುವುದು ಸಹಜ. ಆದರೆ 74 ಬಿಟ್ ಇರುವುದು ಪ್ರತಿ ಮಿಲಿಸೆಕೆಂಡ್‌ಗೂ ಬೇರೆ ಬೇರೆಯಾಗಿ. ಎರಡು ಐಡಿ ಒಂದೇ ಆಗಬೇಕಾದರೆ ಮೊದಲು ಎರಡೂ ಒಂದೇ ಮಿಲಿಸೆಕೆಂಡ್‌ನಲ್ಲಿ ಹುಟ್ಟಬೇಕು, ಆಮೇಲೆ ಸುಮಾರು 2ರ ಮುಂದೆ 22 ಸೊನ್ನೆ ಹಾಕಿದಷ್ಟು ಸಾಧ್ಯತೆಗಳಲ್ಲಿ ಒಂದೇ ಸಿಗಬೇಕು. ನಮ್ಮ ಜಿಲ್ಲೆಯ ಎಲ್ಲ ವ್ಯಾಪಾರವನ್ನೂ ಒಂದೇ ಟೇಬಲ್‌ಗೆ ಹಾಕಿದರೂ ಅದು ಆಗುವುದಿಲ್ಲ.

ಹೆದರಬೇಕಾದದ್ದು ಕೆಟ್ಟ ರ‍್ಯಾಂಡಮ್‌ಗೆ. ಜಾವಾಸ್ಕ್ರಿಪ್ಟ್‌ನ ಮ್ಯಾಥ್ ರ‍್ಯಾಂಡಮ್ ಬಳಸಿ ಐಡಿ ಮಾಡುವ ಕೋಡ್ ಈಗಲೂ ಎಲ್ಲೆಲ್ಲೂ ಸಿಗುತ್ತದೆ. ಆಪರೇಟಿಂಗ್ ಸಿಸ್ಟಂ ಕೊಡುವ, ಊಹಿಸಲು ಆಗದ ಕ್ರಿಪ್ಟೋ ರ‍್ಯಾಂಡಮ್ ಅನ್ನೇ ಬಳಸಿ. ಟೇಬಲ್‌ನಲ್ಲಿ ಒಂದೇ ಐಡಿ ಎರಡು ಸಲ ಸೇರದಂತೆ ತಡೆಯುವ ಯುನೀಕ್ ನಿರ್ಬಂಧ ಅಂತೂ ಇರಲೇಬೇಕು.

ಫೋನಿನ ಗಡಿಯಾರ ತಪ್ಪಿದ್ರೆ ಏನಾಗುತ್ತೆ?

ಸಾಲು ತಪ್ಪುತ್ತದೆ. ಐಡಿ ಒಂದೇ ಆಗುವುದಿಲ್ಲ, ಆದರೆ ಕ್ರಮ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ಬಳಸುತ್ತಿದ್ದ ಒಂದು ಟ್ಯಾಬ್ ಆ ಎರಡು ತಿಂಗಳು ಡ್ರಾಯರ್‌ನಲ್ಲೇ ಇತ್ತು, ಬ್ಯಾಟರಿ ಪೂರ್ತಿ ಇಳಿದಿತ್ತು, ಸಿಮ್ ಇರಲಿಲ್ಲ. ಆಗಸ್ಟ್‌ನಲ್ಲಿ ಬೋಟು ಇಳಿದು ಬಂಗುಡೆ ಬಂತು, ಟ್ಯಾಬ್ ಚಾರ್ಜ್ ಮಾಡಿ ಆನ್ ಮಾಡಿದರು, ಅದರ ತಾರೀಕು ವರ್ಷಗಳ ಹಿಂದಿನದ್ದಾಗಿತ್ತು. ಯಾರೂ ನೋಡಲಿಲ್ಲ, ಹರಾಜಿನ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ? ಬೆಳಗಿನ ಎಂಟ್ರಿಗಳೆಲ್ಲ ಹಳೇ ಹೊತ್ತಿನ ಐಡಿ ಪಡೆದು, ಹೊಸದನ್ನು ಮೇಲೆ ತೋರಿಸುವ ಪಟ್ಟಿಯ ಬುಡಕ್ಕೆ ಹೋಗಿ ಕೂತವು. 'ಮೀನು ಎಂಟ್ರಿ ಮಾಡಿದ್ದು ಕಾಣೆಯಾಗಿದೆ' ಅಂತ ಫೋನ್ ಬಂತು. ಒಂದೂ ಕಾಣೆಯಾಗಿರಲಿಲ್ಲ, ಕೊನೆಯ ಪುಟದವರೆಗೆ ಸ್ಕ್ರೋಲ್ ಮಾಡಿದರೆ ಎಲ್ಲವೂ ಇದ್ದವು.

ಅವತ್ತಿನಿಂದ ಮೂರು ಕೆಲಸ ಬಿಡದೆ ಮಾಡುತ್ತೇನೆ. ಸರ್ವರ್‌ಗೆ ಬಂದ ಹೊತ್ತನ್ನು ಬೇರೆ ಕಾಲಂನಲ್ಲಿ ಸರ್ವರ್ ಗಡಿಯಾರದಿಂದಲೇ ಬರೆಯುತ್ತೇನೆ, ಜನರಿಗೆ ತೋರಿಸುವ ಪಟ್ಟಿ, ದಿನದ ಲೆಕ್ಕ ಎಲ್ಲ ಅದರಿಂದಲೇ ಅಥವಾ ಅದರ ಜೊತೆ ತಾಳೆ ನೋಡಿದ ಫೋನಿನ ಹೊತ್ತಿನಿಂದ, ಐಡಿಯಿಂದ ಅಲ್ಲ. ಆ್ಯಪ್ ತೆರೆದಾಗ ನೆಟ್‌ವರ್ಕ್ ಇದ್ದರೆ ಸರ್ವರ್ ಹೊತ್ತಿನ ಜೊತೆ ಹೋಲಿಸಿ, ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ದೊಡ್ಡ ಅಕ್ಷರದಲ್ಲಿ 'ತಾರೀಕು ಸರಿ ಮಾಡಿ' ಅಂತ ತೋರಿಸುತ್ತೇನೆ. ಮತ್ತೆ, ಗಡಿಯಾರ ಸ್ವಲ್ಪ ಹಿಂದೆ ಹೋದರೆ ಹಿಂದಿನ ಐಡಿಯ ಹೊತ್ತನ್ನೇ ಹಿಡಿದುಕೊಂಡು ಎಣಿಕೆ ಮುಂದುವರಿಸುವಂತೆ ಕೋಡ್ ಬರೆದಿದ್ದೇನೆ. ಇಲ್ಲಿ ಒಂದು ಹೊಂಡ ಇದೆ: ಗಡಿಯಾರ ಯಾವಾಗಲೋ ಒಂದು ವರ್ಷ ಮುಂದೆ ಹೋಗಿ ಆಮೇಲೆ ಸರಿಯಾದರೆ, ಈ ಕೋಡ್ ವರ್ಷವಿಡೀ ಮುಂದಿನ ಹೊತ್ತನ್ನೇ ಹಿಡಿದು ಕೂರುತ್ತದೆ. ಹಾಗಾಗಿ ಅದಕ್ಕೆ ಕೆಲವು ಸೆಕೆಂಡುಗಳ ಮಿತಿ ಇರಬೇಕು.

ಒಂದೇ ಮಿಲಿಸೆಕೆಂಡ್‌ನಲ್ಲಿ ಹತ್ತು ಹುಟ್ಟಿದ್ರೆ ಅವುಗಳ ನಡುವೆ ಯಾವುದು ಮೊದಲು?

ಸುಮ್ನೆ ಬಿಟ್ಟರೆ ಗೊತ್ತಾಗುವುದಿಲ್ಲ, ರ‍್ಯಾಂಡಮ್ ಭಾಗ ಹೇಗೆ ಬಂತೋ ಹಾಗೆ. ಯುಎಲ್‌ಐಡಿಯಲ್ಲಿ ಮೊನೊಟೋನಿಕ್ ಅನ್ನುವ ವಿಧಾನ ಇದೆ: ಅದೇ ಮಿಲಿಸೆಕೆಂಡ್ ಆದರೆ ಹೊಸ ರ‍್ಯಾಂಡಮ್ ಬೇಡ, ಹಿಂದಿನದಕ್ಕೆ ಒಂದು ಕೂಡಿಸು. ವಿ7ರಲ್ಲಿ 7ರ ಮುಂದಿನ 12 ಬಿಟ್ಟನ್ನು ಎಣಿಕೆಗೋ ಮಿಲಿಸೆಕೆಂಡಿನ ಇನ್ನೂ ಸಣ್ಣ ಪಾಲಿಗೋ ಬಳಸಬಹುದು. ಪೋಸ್ಟ್‌ಗ್ರೆಸ್ 18 ಎರಡನೆಯದನ್ನು ಮಾಡುತ್ತದೆ, ಒಂದು ಕನೆಕ್ಷನ್‌ನೊಳಗೆ ಕ್ರಮ ತಪ್ಪುವುದಿಲ್ಲ.

ಇದೆಲ್ಲ ಒಂದೇ ಜಾಗದಲ್ಲಿ ಹುಟ್ಟಿದವಕ್ಕೆ ಮಾತ್ರ. ಎರಡು ಫೋನುಗಳ ನಡುವೆ ಯಾವುದು ಮೊದಲು ಅನ್ನುವುದನ್ನು ಐಡಿ ನೋಡಿ ತೀರ್ಮಾನ ಮಾಡಬೇಡಿ. ಹರಾಜಿನಲ್ಲಿ ಇಬ್ಬರು ಒಂದೇ ದರ ಕೂಗಿದರೆ ಮೊದಲು ಕೂಗಿದವರು ಯಾರು ಅನ್ನುವ ಪ್ರಶ್ನೆಗೆ ಸರ್ವರ್ ಒಂದೇ ಉತ್ತರ ಕೊಡಬೇಕು.

ಡೇಟಾಬೇಸ್‌ನಲ್ಲಿ ಹೇಗೆ ಇಡಬೇಕು?

ಟೆಕ್ಸ್ಟ್ ಆಗಿ ಅಲ್ಲ. 36 ಅಕ್ಷರ ಅಂದರೆ 36 ಬೈಟ್, ಅದೇ ಐಡಿ ಬೈನರಿಯಲ್ಲಿ 16 ಬೈಟ್.

ಪೋಸ್ಟ್‌ಗ್ರೆಸ್‌ನಲ್ಲಿ ಯುಯುಐಡಿ ಅನ್ನುವ ಟೈಪೇ ಇದೆ, ಅದರಲ್ಲಿ ಇಡಿ. 18ನೇ ವರ್ಷನ್‌ನಿಂದ ವಿ7 ಹುಟ್ಟಿಸುವ ಫಂಕ್ಷನ್ ಒಳಗೇ ಬಂದಿದೆ. ಮೈಎಸ್‌ಕ್ಯುಎಲ್‌ನಲ್ಲಿ 16 ಬೈಟ್‌ನ ಬೈನರಿ ಕಾಲಂ. ಅಲ್ಲಿ ಯುಯುಐಡಿಯನ್ನು ಬೈನರಿ ಮಾಡುವ ಫಂಕ್ಷನ್‌ಗೆ ಭಾಗಗಳನ್ನು ಅದಲು ಬದಲು ಮಾಡುವ ಒಂದು ಆಯ್ಕೆ ಇದೆ, ಅದು ಹಳೇ ವಿ1ಗಾಗಿ ಇರುವುದು. ವಿ7ಗೆ ಅದನ್ನು ಆನ್ ಮಾಡಿದರೆ ಸರಿ ಇದ್ದ ಸಾಲನ್ನು ನೀವೇ ಕೆಡಿಸಿದ ಹಾಗೆ.

ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಬಳಸುವವರು ಜೋಪಾನ. ಅದರ ಯುನೀಕ್ ಐಡೆಂಟಿಫೈಯರ್ ಟೈಪ್ ಕೊನೆಯ ಆರು ಬೈಟ್‌ಗಳನ್ನು ಮೊದಲು ಹೋಲಿಸುತ್ತದೆ. ವಿ7ರಲ್ಲಿ ಅಲ್ಲಿರುವುದು ರ‍್ಯಾಂಡಮ್. ಅಂದರೆ ವಿ7 ಹಾಕಿಯೂ ವಿ4 ಹಾಕಿದ್ದಷ್ಟೇ ಫಲ. ಮೈಕ್ರೋಸಾಫ್ಟ್‌ನದೇ ಡಾಟ್‌ನೆಟ್‌ನಲ್ಲಿ ಗೈಡ್ (ಯುಯುಐಡಿಗೆ ಅವರಿಟ್ಟ ಹೆಸರು) ಅನ್ನು ಬೈಟ್ ಮಾಡುವಾಗಲೂ ಮೊದಲ ಮೂರು ಭಾಗದ ಬೈಟ್‌ಗಳು ತಿರುವುಮುರುವು ಆಗುತ್ತವೆ, ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು) ಅಂತ ಹೇಳಿಯೇ ತೆಗೆದುಕೊಳ್ಳಬೇಕು.

ಇದನ್ನೇ ಬಿಲ್ ನಂಬರ್ ಮಾಡಿದ್ರೆ ಒಂದು ಕಾಲಂ ಉಳಿಯುತ್ತಲ್ಲ?

ಆಗುವುದಿಲ್ಲ. ಜಿಎಸ್‌ಟಿ ನಿಯಮ 46ರ ಪ್ರಕಾರ ಟ್ಯಾಕ್ಸ್ ಇನ್ವಾಯ್ಸ್ ನಂಬರ್ ಸರಣಿಯಾಗಿ ಬರಬೇಕು, 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಒಂದೇ ಇರಬೇಕು. 26 ಅಕ್ಷರದ ಯುಎಲ್‌ಐಡಿ ಅಲ್ಲೇ ಬಿದ್ದುಹೋಯಿತು, ಸರಣಿಯ ಮಾತು ಆಮೇಲೆ.

ಆದರೆ ಅದೇ ನಿಯಮ ಒಂದಕ್ಕಿಂತ ಜಾಸ್ತಿ ಸರಣಿ ಇಟ್ಟುಕೊಳ್ಳಲು ಬಿಡುತ್ತದೆ. ಹಾಗಾಗಿ ನಾನು ಬಿಲ್ ಮಾಡುವ ಪ್ರತಿ ಕೌಂಟರ್‌ಗೂ ಒಂದು ಸರಣಿ ಕೊಡುತ್ತೇನೆ: 31/2526/00042 ಅಂದರೆ 31ನೇ ಕೌಂಟರ್, 2025-26, ನಲವತ್ತೆರಡನೇ ಬಿಲ್. ಹದಿಮೂರು ಅಕ್ಷರ. ಗುಮಾಸ್ತರು ಓದುವುದು, ಫೋನಿನಲ್ಲಿ ಹೇಳುವುದು, ಆಡಿಟರ್ ನೋಡುವುದು ಇದನ್ನು. ಒಳಗೆ ಟೇಬಲ್‌ಗಳನ್ನು ಜೋಡಿಸುವುದು ವಿ7. ಎರಡು ಕೆಲಸ, ಎರಡು ಕಾಲಂ. ಒಂದು ಕಾಲಂ ಉಳಿಸಲು ಹೋಗಬೇಡಿ.

ಐಡಿ ಲಿಂಕ್‌ನಲ್ಲಿ ಕಾಣಿಸಿದ್ರೆ ತೊಂದರೆ ಇದೆಯಾ?

ಸ್ವಲ್ಪ ಇದೆ. ಮೇಲೆ ನಾನು ಬಿಡಿಸಿದ ಹಾಗೆ ಯಾರು ಬೇಕಾದರೂ ಹುಟ್ಟಿದ ಹೊತ್ತನ್ನು ಬಿಡಿಸಬಹುದು. ತೂಕದ ಚೀಟಿಗೆ ಅದು ಪರವಾಗಿಲ್ಲ, ಚೀಟಿಯ ಮೇಲೇ ಹೊತ್ತು ಬರೆದಿರುತ್ತದೆ. ಆದರೆ ರೋಗಿಯ ದಾಖಲೆ, ಸಾಲದ ಅರ್ಜಿ, ದೂರು ಕೊಟ್ಟವರ ಹೆಸರಿನ ಪುಟ ಇಂಥವುಗಳಲ್ಲಿ ಯಾವಾಗ ನೋಂದಾಯಿಸಿದರು ಅನ್ನುವುದೇ ಹೊರಗೆ ಹೋಗಬಾರದ ಮಾತು. ಅಲ್ಲಿ ಹೊರಗೆ ಕಾಣುವುದಕ್ಕೆ ವಿ4 ಇಡಿ. 1, 2, 3 ಇಟ್ಟರೆ ಇನ್ನೂ ಬೇರೆ ಕಷ್ಟ: ನಿಮ್ಮಲ್ಲಿ ಒಟ್ಟು ಎಷ್ಟು ಗಿರಾಕಿ ಅಂತ ಪಕ್ಕದ ಅಂಗಡಿಯವರಿಗೆ ಗೊತ್ತಾಗುತ್ತದೆ.

ಐಡಿಯನ್ನು ಬೀಗದ ಕೀಲಿ ಅಂತ ಮಾತ್ರ ತಿಳಿಯಬೇಡಿ. ಲಿಂಕ್ ಗೊತ್ತಿದ್ದವರಿಗೆಲ್ಲ ಬಾಗಿಲು ತೆರೆಯುವ ಆ್ಯಪ್ ನೋಡಿದ್ದೇನೆ. ಒಂದು ಕೂಡಿಸುತ್ತಾ ಹೋಗುವ ಯುಎಲ್‌ಐಡಿ ಆಗಿದ್ದರೆ ಪಕ್ಕದ ಐಡಿ ಊಹಿಸುವುದು ಸುಲಭ. ಲಾಗಿನ್ ಪರೀಕ್ಷೆ, ಯಾರಿಗೆ ಯಾವುದು ನೋಡಲು ಹಕ್ಕಿದೆ ಅನ್ನುವ ಪರೀಕ್ಷೆ, ಎರಡೂ ಬೇಕೇ ಬೇಕು.

ಭಾರತದ ಸಮಯ, ಬೇರೆ ದೇಶದ ಸಮಯ ಅಂತ ಗೊಂದಲ ಆಗಲ್ವಾ?

ಇಲ್ಲ. ಐಡಿಯೊಳಗಿನ ಹೊತ್ತು ಯಾವಾಗಲೂ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಹೊತ್ತು. ತೋರಿಸುವಾಗ ಐದೂವರೆ ಗಂಟೆ ಕೂಡಿಸಿದರೆ ಆಯಿತು.

ನಮ್ಮಲ್ಲಿ ಆಗಲೇ ವಿ4 ಇದೆ, ಲಕ್ಷಗಟ್ಟಲೆ ಸಾಲು. ಎಲ್ಲ ಬದಲಿಸಬೇಕಾ?

ಹಳೆಯದನ್ನು ಮುಟ್ಟಬೇಡಿ. ಐಡಿ ಬದಲಿಸುವುದು ಅಂದರೆ ಅದನ್ನು ಹಿಡಿದುಕೊಂಡ ಎಲ್ಲ ಟೇಬಲ್, ಎಲ್ಲ ಫೋನ್, ಎಲ್ಲ ಹಳೇ ಲಿಂಕ್ ಬದಲಿಸುವುದು. ವಿ4, ವಿ7 ಎರಡೂ ಒಂದೇ ಕಾಲಂನಲ್ಲಿ ಇರಬಹುದು. ಇವತ್ತಿನಿಂದ ಹುಟ್ಟುವುದಕ್ಕೆ ವಿ7 ಕೊಡಿ. 2039ರವರೆಗೂ ವಿ7 ಐಡಿಗಳೆಲ್ಲ 01 ಅಂತಲೇ ಶುರುವಾಗುತ್ತವೆ, ಹಾಗಾಗಿ ಇಂಡೆಕ್ಸ್‌ನ ಒಂದೇ ಮೂಲೆಯಲ್ಲಿ ಸಾಲಾಗಿ ಸೇರುತ್ತವೆ. ಹಳೆಯ ಸಾಲುಗಳನ್ನು ಐಡಿಯಿಂದ ಕ್ರಮಕ್ಕೆ ತರಲು ಮಾತ್ರ ಆಗುವುದಿಲ್ಲ, ಅದಕ್ಕೆ ತಾರೀಕಿನ ಕಾಲಂ ಬಳಸಿ.

ಟೇಬಲ್ ಸಣ್ಣದಿದ್ದು ನಿಧಾನ ಅನ್ನಿಸದಿದ್ದರೆ ಏನೂ ಮಾಡದಿದ್ದರೂ ನಡೆಯುತ್ತದೆ.

ಸಾಲಿಗೆ ನಿಲ್ಲುವ ಐಡಿ ಹಾಕಲೇಬಾರದ ಜಾಗ ಇದೆಯಾ?

ಇದೆ. ಗೂಗಲ್‌ನ ಸ್ಪ್ಯಾನರ್ ಥರದ ಡೇಟಾಬೇಸ್‌ಗಳು ಕೀಯ ಕ್ರಮದಲ್ಲಿ ಡೇಟಾವನ್ನು ತುಂಡು ಮಾಡಿ ಬೇರೆ ಬೇರೆ ಮಷಿನ್‌ಗೆ ಹಂಚುತ್ತವೆ. ಅಲ್ಲಿ ಹೊಸದೆಲ್ಲ ಕೊನೆಗೇ ಬಂದರೆ ಕೊನೆಯ ತುಂಡು ಹಿಡಿದ ಒಂದೇ ಮಷಿನ್ ದುಡಿಯುತ್ತದೆ, ಉಳಿದವು ಖಾಲಿ ಕೂರುತ್ತವೆ. ಅಲ್ಲಿ ವಿ4 ಸರಿ. ಒಂದು ಸರ್ವರ್‌ನಲ್ಲಿ ಬೇಡ ಅಂದದ್ದೇ ಅಲ್ಲಿ ಬೇಕು.

ಕೋಡ್ ನಾನೇ ಬರೆದುಕೊಳ್ಳಲಾ?

ಕಲಿಯಲು ಒಮ್ಮೆ ಬರೆಯಿರಿ, ಮೂವತ್ತು ಸಾಲಿನ ಕೆಲಸ, ಒಳಗೆ ಏನಾಗುತ್ತದೆ ಅಂತ ಕೈಗೆ ಸಿಗುತ್ತದೆ. ಗಿರಾಕಿಗೆ ಕೊಡುವುದರಲ್ಲಿ ಸಿದ್ಧ ಇರುವುದನ್ನೇ ಹಾಕಿ. ಪೈಥಾನ್ 3.14ರಲ್ಲಿ ವಿ7 ಒಳಗೇ ಇದೆ, ಡಾಟ್‌ನೆಟ್ 9ರಲ್ಲೂ ಇದೆ. ಉಳಿದ ಭಾಷೆಗಳಿಗೆ ಹೆಸರಾದ ಲೈಬ್ರರಿಗಳು ಸಿಗುತ್ತವೆ. ತೆಗೆದುಕೊಳ್ಳುವ ಮೊದಲು ಅದರ ಕೋಡ್ ತೆರೆದು ಎರಡು ಮಾತ್ರ ನೋಡಿ: ರ‍್ಯಾಂಡಮ್ ಎಲ್ಲಿಂದ ತರುತ್ತದೆ, ಗಡಿಯಾರ ಹಿಂದೆ ಹೋದರೆ ಏನು ಮಾಡುತ್ತದೆ. ಆಮೇಲೆ ಹತ್ತು ಸಾವಿರ ಐಡಿ ಹುಟ್ಟಿಸಿ, ಡೇಟಾಬೇಸ್‌ಗೆ ಹಾಕಿ, ಐಡಿ ಕ್ರಮದಲ್ಲಿ ವಾಪಸ್ ತೆಗೆದು, ಹಾಕಿದ ಕ್ರಮದ ಜೊತೆ ಹೋಲಿಸಿ. ಈ ಪರೀಕ್ಷೆಯನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾಡಿದ್ದು ಸಾಕಾಗುವುದಿಲ್ಲ, ಗಿರಾಕಿಯ ಕೈಯಲ್ಲಿರುವ ಕಡಿಮೆ ಬೆಲೆಯ ಫೋನಿನಲ್ಲೂ ಒಮ್ಮೆ ಮಾಡಿ.